ಒಲೆಯಿಂದ ಮಾಳಿಗೆಗೆ: ಗೃಹಬಳಕೆಯ ಇಂಧನ ಮತ್ತು ಸರಕಾರದ ಸಹಾಯಧನ

ಬೆಂಗಳೂರಿನಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಪ್ರಯಾಣ ಮಾಡಿದ ಕನ್ನಡಿಗರಿಗೆ ಮನ್ಮಾಡ್ ಎಂಬ ನಿಲ್ದಾಣದ ಹೆಸರು ಅಪರಿಚಿತವಲ್ಲ. ಮಹಾರಾಷ್ಟ್ರದ ನಾಶಿಕ ಜಿಲ್ಲೆಯ ಈ ಊರಿನಲ್ಲಿ, ಮುಂಬಯಿಯಿಂದ ಭುಸಾವಳಕ್ಕೆ ಹೋಗುವ ರೈಲುಮಾರ್ಗವನ್ನು ದೌಂಡದ ಕಡೆಯಿಂದ ಬರುವ ಮಾರ್ಗವೂ, 2023ರವರೆಗೆ ಔರಂಗಾಬಾದ್ ಎನಿಸಿಕೊಂಡಿದ್ದ ಛತ್ರಪತಿ ಸಂಭಾಜಿನಗರದ ಕಡೆಯಿಂದ ಬರುವ ಮಾರ್ಗವೂ ಕೂಡಿಕೊಳ್ಳುತ್ತವೆ. ರೈಲ್ವೆಯ ಸೇತುವೆಗಳಿಗೆ ಬೇಕಾದ ಉಕ್ಕಿನ ತೊಲೆಗಳನ್ನು ಸಿದ್ಧಪಡಿಸುವ ಕಾರ್ಯಾಗಾರವೊಂದು ಇಲ್ಲಿದೆ. ಊರಿಗೆ ಸಮೀಪದ ಪಾನೇವಾಡಿಯಲ್ಲಿ ತೈಲ ಕಂಪನಿಗಳ ದೊಡ್ಡ ಸಂಗ್ರಹಾಗಾರಗಳಿವೆ. ಮುಂಬಯಿಯಿಂದ ಕೊಳವೆಮಾರ್ಗದಲ್ಲಿ ಬಂದ ಇಂಧನ ಇಲ್ಲಿಂದ ಟ್ಯಾಂಕರುಗಳಲ್ಲಿ ಸುತ್ತಲಿನ ಜಿಲ್ಲೆಗಳಿಗೆ ಹೋಗುತ್ತದೆ. ಊರಿನಲ್ಲಿ ಬಿಸಿಲಿಗೆ ಕೊರತೆಯಿಲ್ಲ, ನೀರಿಗೆ ಬಹಳ ಕೊರತೆಯುಂಟು.

ನನ್ನ ಅಕ್ಕನ ಮನೆ ಇರುವುದು ಈ ಊರಿನಲ್ಲಿ. ಭಾವನವರು ರೈಲ್ವೆ ನೌಕರಿಯಿಂದ ನಿವೃತ್ತರಾದ ಮೇಲೆ ಅಲ್ಲಿಯೇ ಸಣ್ಣ ಮನೆಯೊಂದನ್ನು ಕಟ್ಟಿಕೊಂಡು ನೆಲೆಸಿದರು. ಒಂದು ಬೇಸಗೆಯಲ್ಲಿ ನಾನು ಹೋಗಿದ್ದಾಗ, ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಕಿಸುವವರಿಗೆ ಕೇಂದ್ರ ಸರಕಾರ ಕೊಡುವ ಹಣದ ವಿವರವಿದ್ದ ಮರಾಠಿ ಕರಪತ್ರವೊಂದನ್ನು ಅಕ್ಕ ನನ್ನ ಮುಂದಿಟ್ಟಳು. “ನೀ ಕನ್ನಡಾ ಕಲಸಾಂವ, ಮರಾಠೀನೂ ಓದತೀ. ಇದರಾಗ ಏನ್ ಬರದಾರ ಬಿಡಿಸಿ ಹೇಳು” ಎಂದಳು. ಮೂರು ಕಿಲೋವ್ಯಾಟಿನ ಸಲಕರಣೆ ಹಾಕಿಸಿದರೆ 78,000 ರೂಪಾಯಿ ಬರುತ್ತದೆ ಎಂದು ಓದಿ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಾಳಿಗಿಗೆ ಎಪ್ಪತ್ತೆಂಟು ಸಾವಿರ ಕೊಡತಾರ. ಅವ್ವನ ಒಲಿಗೆ ಏನ್ ಕೊಟ್ಟಿದ್ದರೋ ತಮ್ಮಾ?” ಎಂದು ಕೇಳಿದಳು.

ನನಗೆ ಆಗ ಉತ್ತರ ಹೊಳೆಯಲಿಲ್ಲ. ಪ್ರಸ್ತುತ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನವಾಗಿದೆ. ಕಳೆದ ನಾಲ್ಕು ದಶಕಗಳಲ್ಲಿ ಮನೆಯ ಇಂಧನವನ್ನು ಉಳಿಸುವುದಕ್ಕೆ ಮತ್ತು ಮನೆಯಲ್ಲಿಯೇ ಇಂಧನವನ್ನು ಪಡೆಯುವುದಕ್ಕೆ ಸರಕಾರ ಕೊಟ್ಟ ನೆರವು ಯಾವ ಯಾವ ರೂಪಗಳಲ್ಲಿ ಬಂದಿತು, ಎಲ್ಲಿ ನಿಂತಿತು, ಎಲ್ಲಿ ನಿಲ್ಲಲಿಲ್ಲ ಎಂಬುದನ್ನು ಮುಖ್ಯವಾಗಿ ಕರ್ನಾಟಕದ ನಿದರ್ಶನಗಳ ಮೂಲಕ ಇಲ್ಲಿ ಪರಿಶೀಲಿಸಲಾಗಿದೆ. ಕನ್ನಡ ವಿಭಾಗದ ಸಂಪುಟದಲ್ಲಿ ಇಂಥ ವಿಷಯಕ್ಕೆ ಏನು ಅವಕಾಶವೆಂದು ಕೆಲವರಿಗಾದರೂ ಅನ್ನಿಸಬಹುದು. ಸರಕಾರದ ಯೋಜನೆಯೊಂದು ಮನೆಯ ಹೊಸ್ತಿಲನ್ನು ದಾಟುವುದು ಮೊದಲು ಭಾಷೆಯ ಮೂಲಕ. ಆದುದರಿಂದ ಶಬ್ದಗಳಿಂದಲೇ ಆರಂಭಿಸುವುದು ಉಚಿತ.

1. ಶಬ್ದಗಳ ವಿಚಾರ

ಮರಾಠಿ ಕರಪತ್ರದಲ್ಲಿ ನಾನು ಮೊದಲು ತಡೆದು ನಿಂತದ್ದು ‘ಅನುದಾನ’ ಎಂಬ ಮಾತಿನ ಬಳಿ. ನಮ್ಮ ಕನ್ನಡದಲ್ಲಿ ಅನುದಾನವೆಂದರೆ ಶಾಲೆಗೋ ಸಂಘಸಂಸ್ಥೆಗೋ ಸರಕಾರ ಮಂಜೂರು ಮಾಡುವ ಹಣ. ‘ಅನುದಾನಿತ ಶಾಲೆ’ ಎಂಬ ಪ್ರಯೋಗ ಇದೇ ಅರ್ಥದ್ದು. ಮರಾಠಿಯಲ್ಲಿ ಒಬ್ಬ ಗೃಹಸ್ಥನಿಗೆ ಕೊಡುವ ಹಣವೂ ಅನುದಾನವೇ. ಇದನ್ನು ನಾವು ಸಹಾಯಧನ ಎನ್ನುತ್ತೇವೆ. ಆಡುಮಾತಿನಲ್ಲಿ ಸಬ್ಸಿಡಿ ಎಂದೇ ರೂಢಿ. ಶಬ್ದ ಒಂದೇ ಆದರೂ ಗಡಿಯ ಆಚೆ ಈಚೆ ಅದರ ಅರ್ಥವ್ಯಾಪ್ತಿ ಬೇರೆಯಾಗಿದೆ.

ಕನ್ನಡದೊಳಗೂ ಈ ಕ್ಷೇತ್ರದ ಶಬ್ದಗಳು ಒಂದರೊಡನೊಂದು ಬೆರೆತುಹೋಗಿವೆ. ವಸ್ತುವಿನ ಬೆಲೆಯಲ್ಲಿ ಒಂದು ಪಾಲನ್ನು ಸರಕಾರ ಭರಿಸಿದರೆ ಅದು ಸಹಾಯಧನ. ತಿಂಗಳ ಬಿಲ್ಲಿನಲ್ಲಿ ಇಷ್ಟು ಕಡಿಮೆ ಮಾಡಿದರೆ ರಿಯಾಯಿತಿ. ತೆರಿಗೆಯನ್ನು ಬಿಟ್ಟುಕೊಟ್ಟರೆ ವಿನಾಯಿತಿ. ಪರಿಣಾಮದ ದೃಷ್ಟಿಯಿಂದ ಇವು ಒಂದೇ ಅಲ್ಲ. ಸಹಾಯಧನ ಕೊಳ್ಳುವ ದಿನದ ಭಾರವನ್ನು ಇಳಿಸುತ್ತದೆ. ರಿಯಾಯಿತಿ ಕೊಂಡ ವಸ್ತುವನ್ನು ಇಟ್ಟುಕೊಂಡಿರುವವರೆಗೆ ಬರುತ್ತಿರುತ್ತದೆ. ವಿನಾಯಿತಿ ತೆರಿಗೆ ಕಟ್ಟುವಷ್ಟು ಆದಾಯ ಉಳ್ಳವರಿಗೆ ಮಾತ್ರ ದಕ್ಕುತ್ತದೆ. ಯಾವುದನ್ನು ಕೊಡುತ್ತೇವೆ ಎಂಬುದರಲ್ಲಿಯೇ ಯಾರಿಗೆ ಕೊಡುತ್ತೇವೆ ಎಂಬುದೂ ಬಹುಮಟ್ಟಿಗೆ ನಿರ್ಧಾರವಾಗಿಬಿಡುತ್ತದೆ.

ಇವೆಲ್ಲಕ್ಕೂ ಒಟ್ಟಾಗಿ ನಾವು ಬಳಸುವ ಎರಡು ಶಬ್ದಗಳು ಗಮನಾರ್ಹವಾಗಿವೆ. ಒಂದು ‘ಸೌಲಭ್ಯ’: ಸುಲಭ ಎಂಬುದರಿಂದ ಬಂದುದು, ಸುಲಭವಾಗಿ ದೊರೆಯುವಿಕೆ ಎಂದು ಅರ್ಥ. ಇನ್ನೊಂದು ‘ಸವಲತ್ತು’: ಮರಾಠಿಯ ‘ಸವಲತ’ದೊಡನೆ ಇದು ಸಂಬಂಧಿಸಿದ್ದು, ಎರಡರ ಮೂಲವೂ ಸರಾಗ, ಸುಗಮ ಎಂಬರ್ಥದ ಅರಬ್ಬಿ ಶಬ್ದ. ಒಂದು ಸಂಸ್ಕೃತದಿಂದಲೂ ಒಂದು ಅರಬ್ಬಿಯಿಂದಲೂ ಬಂದಿದ್ದರೂ ಎರಡೂ ಹೇಳುವುದು ಒಂದೇ ಮಾತು: ಪಡೆಯುವವನಿಗೆ ಅದು ಸುಲಭವಾಗಬೇಕು. ಎಷ್ಟು ಹಣ ಎಂಬ ವಿಚಾರ ಎರಡರಲ್ಲಿಯೂ ಇಲ್ಲ. ಮುಂದಿನ ನಿದರ್ಶನಗಳನ್ನು ಈ ಅರ್ಥದ ಒರೆಗಲ್ಲಿಗೆ ಹಚ್ಚಿ ನೋಡಬಹುದು.

2. ಒಲೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯಕುಮಾರ ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ಗ್ರಾಮೀಣ ಪ್ರದೇಶಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವುದು ಅದರ ಉದ್ದೇಶ. ಆ ಉದ್ದೇಶದ ಇಂಗ್ಲಿಷ್ ಆದ್ಯಕ್ಷರಗಳನ್ನು ಕೂಡಿಸಿದಾಗ ದೊರೆತ ಹೆಸರು ಅಸ್ತ್ರ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಉಂಗ್ರ ಇದರ ಕ್ಷೇತ್ರಕಾರ್ಯದ ನೆಲೆಯಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಯ ಇಂಧನವನ್ನು ಅಳೆದು ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾದುವು. ಹಳ್ಳಿ ಬಳಸುವ ಶಕ್ತಿಯಲ್ಲಿ ಬಹುಪಾಲು ಅಡುಗೆಯ ಸೌದೆಯದು. ಆ ಸೌದೆಯನ್ನು ಆಯ್ದು ಹೊತ್ತು ತರುವವರಲ್ಲಿ ಬಹುಪಾಲು ಹೆಂಗಸರು ಮತ್ತು ಮಕ್ಕಳು. ಶಕ್ತಿಯೆಂದರೆ ವಿದ್ಯುತ್ತು ಎಂದು ತಿಳಿದಿದ್ದ ಕಾಲದಲ್ಲಿ ಇದು ಸಣ್ಣ ತಿಳಿವಳಿಕೆಯಲ್ಲ. ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ಹರಿದಿತ್ತು, 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತ್ತು. ಆದರೆ ಹಳ್ಳಿಯ ಒಲೆ ಇದ್ದಂತೆಯೇ ಇತ್ತು.

ಸಾಂಪ್ರದಾಯಿಕ ಒಲೆಯಲ್ಲಿ ಸೌದೆಯ ಶಾಖದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತದೆ. ಉಳಿದದ್ದು ಪಕ್ಕದಿಂದ ಹಾರಿಹೋಗುತ್ತದೆ, ಗೋಡೆಗೆ ಇಂಗುತ್ತದೆ, ಅರ್ಧ ಉರಿದ ಹೊಗೆಯಾಗಿ ಅಡುಗೆಮನೆಯನ್ನು ತುಂಬುತ್ತದೆ. ಅಸ್ತ್ರ ಒಲೆಯಲ್ಲಿ ಬೆಂಕಿಗೂಡನ್ನು ಮುಚ್ಚಿ, ಒಳಬರುವ ಗಾಳಿಯನ್ನು ಮಿತಗೊಳಿಸಿ, ಬೂದಿ ಕೆಳಗಿಳಿಯಲು ಕಬ್ಬಿಣದ ಜಾಲರಿಯನ್ನಿಟ್ಟು, ಒಂದೇ ಉರಿ ಸಾಲಾಗಿ ಮೂರು ಪಾತ್ರೆಗಳ ಕೆಳಗೆ ಹಾದು ಹೊಗೆಕೊಳವೆಯಿಂದ ಹೊರಗೆ ಹೋಗುವಂತೆ ರಚಿಸಲಾಯಿತು. ಚೆನ್ನಾಗಿ ಕಟ್ಟಿದ ಒಲೆಯಲ್ಲಿ ಶಾಖದ ಮೂರನೆಯ ಒಂದು ಭಾಗಕ್ಕೂ ಮಿಗಿಲಾಗಿ ಪಾತ್ರೆಗೆ ದೊರೆಯಿತು. ‘ಚೆನ್ನಾಗಿ ಕಟ್ಟಿದ’ ಎಂಬ ಮಾತು ಇಲ್ಲಿ ಮುಖ್ಯ. ಬಾಯಿಯ ಅಳತೆ, ಕೊಳವೆಯ ಎತ್ತರ ಸ್ವಲ್ಪ ತಪ್ಪಿದರೂ ಒಲೆ ಹೊಗೆಯನ್ನು ಒಳಕ್ಕೇ ಉಗುಳುತ್ತದೆ. ಹೀಗಾಗಿ ಒಲೆ ಕಟ್ಟುವವರಿಗೆ ತರಬೇತಿ ಕೊಡುವುದು ಒಲೆಯಷ್ಟೇ ಅಗತ್ಯವಾಗಿತ್ತು.

ಕೇಂದ್ರ ಸರಕಾರ ಸುಧಾರಿತ ಒಲೆಗಳ ಕಾರ್ಯಕ್ರಮವನ್ನು 1983ರಲ್ಲಿ ಆರಂಭಿಸಿ, ಮುಂದೆ ದೇಶಾದ್ಯಂತ ವಿಸ್ತರಿಸಿತು. 2002ರಲ್ಲಿ ಕೇಂದ್ರದ ಹೊಣೆ ಮುಗಿಯುವ ಹೊತ್ತಿಗೆ ಸುಮಾರು ಮೂರೂವರೆ ಕೋಟಿ ಒಲೆಗಳು ಕಡತಗಳಲ್ಲಿ ದಾಖಲಾಗಿದ್ದುವು. ಒಲೆಯ ಬೆಲೆಯಲ್ಲಿ ಒಂದು ಪಾಲು ಸಹಾಯಧನ. ಕಟ್ಟಿದವನಿಗೆ ಒಲೆಗೆ ಇಷ್ಟೆಂದು ಕೂಲಿ. ಗುರಿ ಇಷ್ಟು, ಸಾಧನೆ ಇಷ್ಟು ಎಂದು ವರ್ಷವರ್ಷವೂ ಲೆಕ್ಕವಾಗುತ್ತಿತ್ತು. ಲೆಕ್ಕವಾಗುತ್ತಿದ್ದುದು ಕಟ್ಟಿದ ಒಲೆ, ಉರಿಯುತ್ತಿರುವ ಒಲೆಯಲ್ಲ.

ಧಾರವಾಡ ಜಿಲ್ಲೆಯ ನಮ್ಮ ಹಳ್ಳಿಯ ಮನೆಗೂ 1980ರ ದಶಕದ ಕೊನೆಯಲ್ಲಿ ಇಂಥದೊಂದು ಒಲೆ ಬಂದಿತು. ಎರಡು ಬಾಯಿಯ ಮಣ್ಣಿನ ಒಲೆ, ಸಿಮೆಂಟಿನ ಕೊಳವೆ. ಕಟ್ಟಿದವರು ಅವ್ವನ ಪಾತ್ರೆಗಳನ್ನು ಅಳೆಯಲಿಲ್ಲ. ಜೋಳದ ರೊಟ್ಟಿಯ ಹಂಚು ಬಾಯಿಗಿಂತ ಅಗಲವಾಗಿತ್ತು. ರೊಟ್ಟಿಗೆ ಬೇಕಾದ ಬಿರುಸು ಉರಿ ಅದರಲ್ಲಿ ಸಿಗಲಿಲ್ಲ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬಾಯಿಗೆ ಆನಿಸಿ ಉಬ್ಬಿಸಲು ಎಡೆಯಿರಲಿಲ್ಲ. ಕೊಳವೆಯಲ್ಲಿ ಇಲ್ಲಣ ಕಟ್ಟಿಕೊಂಡಾಗ ತೆಗೆಯುವ ಬಗೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡನೆಯ ಮಳೆಗಾಲದ ವೇಳೆಗೆ ಹೊಗೆ ಮತ್ತೆ ಮನೆಯೊಳಗೇ ಸುತ್ತತೊಡಗಿತು. ಅವ್ವ ಒಂದು ದಿನ ಒಲೆಯ ಮುಂಬಾಯಿಯನ್ನು ಒಡೆದು ಅಗಲ ಮಾಡಿಕೊಂಡಳು, ಹಿಂದಿನ ಬಾಯಿಗೆ ಕಲ್ಲು ಮುಚ್ಚಿದಳು. ಊದುಗೊಳವೆ ಅಟ್ಟದಿಂದ ಕೆಳಗಿಳಿಯಿತು. ಸರಕಾರದ ಪುಸ್ತಕದಲ್ಲಿ ಮಾತ್ರ ನಮ್ಮ ಮನೆ ಹೊಗೆರಹಿತ ಮನೆಯಾಗಿಯೇ ಉಳಿದಿರಬೇಕು. ಅವ್ವನ ಕಣ್ಣಿನ ಪೊರೆಗೂ ಕೊನೆಗಾಲದ ಕೆಮ್ಮಿಗೂ ಒಲೆಯೊಂದೇ ಕಾರಣವೆಂದು ನಾನು ಹೇಳಲಾರೆ. ಸೌದೆಯ ಹೊಗೆಗೂ ಇಂಥ ಕಾಯಿಲೆಗಳಿಗೂ ಸಂಬಂಧವುಂಟೆಂದು ವೈದ್ಯಶಾಸ್ತ್ರ ಹೇಳುತ್ತದೆ. ಅಕ್ಕ ಆ ಹೊಗೆಯಲ್ಲಿ ಅವ್ವನ ಪಕ್ಕ ಕುಳಿತು ರೊಟ್ಟಿ ಬಡಿದವಳು. ನಾನು ಹೊರಗೆ ಪಡಸಾಲೆಯಲ್ಲಿ ಓದಿಕೊಂಡವನು.

ಒಲೆಯ ಪ್ರಶ್ನೆಗೆ ಸರಕಾರ ಕಂಡುಕೊಂಡ ಮುಂದಿನ ಉತ್ತರ ಬೇರೆ ಬಗೆಯದು. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಲ್ಲಿ ಬಡಕುಟುಂಬದ ಹೆಂಗಸಿನ ಹೆಸರಿಗೇ ಅಡುಗೆ ಅನಿಲದ ಸಂಪರ್ಕ ಕೊಡಲಾಯಿತು. ಇಂಥ ಸಂಪರ್ಕಗಳು ಹತ್ತು ಕೋಟಿಯನ್ನು ದಾಟಿದುವು. ಹೊಗೆಯ ದೃಷ್ಟಿಯಿಂದ ಇದು ದೊಡ್ಡ ಹೆಜ್ಜೆ. ಆದರೂ ಎರಡನೆಯ ಸಿಲಿಂಡರು, ಹತ್ತನೆಯ ಸಿಲಿಂಡರು ಕೊಳ್ಳುವ ಶಕ್ತಿ ಮನೆಗೆ ಇದೆಯೇ ಎಂಬ ಪ್ರಶ್ನೆ ಬೇಗನೆ ಎದ್ದಿತು. ಮುಂದೆ ಸಿಲಿಂಡರಿಗೂ ಸಹಾಯಧನ ಸೇರಿಸಬೇಕಾಯಿತು. ಕೊಟ್ಟ ವಸ್ತುವಿನ ಲೆಕ್ಕ ಬೇರೆ, ಬಳಸಿದ ವಸ್ತುವಿನ ಲೆಕ್ಕ ಬೇರೆ ಎಂಬುದು ಇಲ್ಲಿಯೂ ನಿಜವಾಯಿತು.

3. ಗೋಬರ್ ಗ್ಯಾಸ್

ರಾಷ್ಟ್ರೀಯ ಜೈವಿಕ ಅನಿಲ ಅಭಿವೃದ್ಧಿ ಯೋಜನೆ ಆರಂಭವಾದದ್ದು 1981-82ರಲ್ಲಿ. ಸಗಣಿಯನ್ನು ನೀರಿನಲ್ಲಿ ಕದಡಿ ಗಾಳಿಯಾಡದ ಗುಂಡಿಯಲ್ಲಿ ಕೊಳೆಸಿದರೆ ಉರಿಯುವ ಅನಿಲ ಹುಟ್ಟುತ್ತದೆ; ಉಳಿದ ಬಗ್ಗಡ ಒಳ್ಳೆಯ ಗೊಬ್ಬರವಾಗುತ್ತದೆ. ಸ್ಥಾವರವನ್ನು ಕಟ್ಟಿಸಿಕೊಂಡ ಕುಟುಂಬಕ್ಕೆ ಸಹಾಯಧನ ದೊರೆಯುತ್ತಿತ್ತು. ಕರ್ನಾಟಕದ ಎರಡು ನಿದರ್ಶನಗಳು ಇಲ್ಲಿ ವಿಶೇಷವಾಗಿ ಸ್ಮರಣೀಯವಾಗಿವೆ.

ಮೊದಲನೆಯದು ಉಂಗ್ರದ ಸಮೀಪದ ಪುರ ಎಂಬ ಸಣ್ಣ ಹಳ್ಳಿಯದು. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ಎಲ್ಲ ಮನೆಗಳಿಗೂ ಅಡುಗೆಯ ಅನಿಲ ಕೊಡುವುದು ಅಸ್ತ್ರದ ವಿಜ್ಞಾನಿಗಳ ಮೊದಲ ಯೋಚನೆ. ದೊರೆಯುವ ಸಗಣಿ ಅಷ್ಟಕ್ಕೆ ಸಾಲದಾಯಿತು. ಆಗ ಅವರು ಯೋಜನೆಯನ್ನೇ ಬದಲಿಸಿದರು. ಅನಿಲದಿಂದ ಎಂಜಿನ್ ನಡೆಸಿ ವಿದ್ಯುತ್ತನ್ನು ಉತ್ಪಾದಿಸಿ, 1987ರಿಂದ ಮನೆಗಳಿಗೆ ದೀಪವನ್ನೂ ಕೊಳವೆಬಾವಿಯ ಕುಡಿಯುವ ನೀರನ್ನೂ ಒದಗಿಸಲಾಯಿತು. ತಂದ ಸಗಣಿಯನ್ನು ತೂಗಿ ಹಣ ಕೊಡುತ್ತಿದ್ದರು. ಬಗ್ಗಡವನ್ನು ಅದೇ ಪ್ರಮಾಣದಲ್ಲಿ ಹಿಂದಿರುಗಿಸುತ್ತಿದ್ದರು. ಸ್ಥಾವರವನ್ನು ನಡೆಸುತ್ತಿದ್ದವರು ಊರಿನ ಯುವಕರೇ. ಜನರಿಗೆ ಬೇಕಾದುದೇನು ಎಂಬುದನ್ನು ಕೇಳಿ ಯೋಜನೆ ತನ್ನನ್ನು ತಿದ್ದಿಕೊಂಡ ಅಪರೂಪದ ಉದಾಹರಣೆಯಿದು. ಅದು ಶಾಶ್ವತವಾಗಿ ನಡೆಯಲಿಲ್ಲ ನಿಜ. ಆದರೆ ಹಲವು ವರ್ಷ ನಡೆಯಿತು, ದೇಶವಿದೇಶಗಳ ವಿದ್ವಾಂಸರಿಗೆ ಪಾಠವಾಯಿತು.

ಎರಡನೆಯದು ಉತ್ತರ ಕನ್ನಡದ ಸಿರ್ಸಿಯದು. ಅಡಕೆ ತೋಟಗಳ ಈ ಸೀಮೆಯಲ್ಲಿ ಗೋಬರ್ ಗ್ಯಾಸ್ ಸ್ಥಾವರಗಳು ಬೇರೆಲ್ಲಿಯೂ ಇಲ್ಲದಷ್ಟು ದಟ್ಟವಾಗಿ ಹರಡಿದುವು. 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರಿಶೀಲಿಸಿದ ಸ್ಥಾವರಗಳು ಬಹುತೇಕ ಎಲ್ಲವೂ ಕೆಲಸ ಮಾಡುತ್ತಿದ್ದುದು ಕಂಡುಬಂದಿತು. ದೇಶದ ಅನೇಕ ಕಡೆ ಸಹಾಯಧನ ಪಡೆದು ಕಟ್ಟಿಸಿದ ಗುಂಡಿಗಳು ಹಾಳುಬಿದ್ದಿದ್ದ ಕಾಲದಲ್ಲಿ ಇದು ಆಶ್ಚರ್ಯದ ಸಂಗತಿ. ಸಹಾಯಧನ ಎರಡೂ ಕಡೆ ಇದ್ದಿತು. ಸಿರ್ಸಿಯಲ್ಲಿ ಹೆಚ್ಚಾಗಿ ಇದ್ದುದು, ಕಟ್ಟಿದವನು ಅದೇ ಸೀಮೆಯವನಾಗಿದ್ದುದು, ಸ್ಥಾವರ ಕೆಲಸ ಮಾಡುತ್ತದೆಂದು ಮಾತು ಕೊಟ್ಟದ್ದು, ಕೆಟ್ಟರೆ ಬಂದು ಸರಿಪಡಿಸಿದ್ದು. ಒಬ್ಬನ ಕೆಲಸ ಕೆಟ್ಟರೆ ಜನ ಇನ್ನೊಬ್ಬನನ್ನು ಕರೆಯುತ್ತಿದ್ದರು. ಕೊಟ್ಟಿಗೆಯಲ್ಲಿ ದನವಿತ್ತು, ತೋಟಕ್ಕೆ ಬಗ್ಗಡ ಬೇಕಿತ್ತು, ಮಳೆಗಾಲದಲ್ಲಿ ಒಣ ಸೌದೆ ಕಷ್ಟವಾಗಿತ್ತು. ವಸ್ತುವಿಗೆ ಮನೆಯ ಬದುಕಿನಲ್ಲಿ ಮೊದಲೇ ಒಂದು ಜಾಗವಿದ್ದುದರಿಂದ ಸಹಾಯಧನ ಅಲ್ಲಿ ಫಲಿಸಿತು. ಜಾನುವಾರು ಇಲ್ಲದ ಕೂಲಿಕಾರನ ಮನೆಗೆ ಅದೇ ಸಹಾಯಧನದಿಂದ ಏನೂ ಆಗಲಿಲ್ಲ ಎಂಬುದನ್ನೂ ಇಲ್ಲಿ ಮರೆಯುವಂತಿಲ್ಲ.

4. ಬಚ್ಚಲು ಮತ್ತು ದೀಪ

ಅಡುಗೆಮನೆಯಿಂದ ಬಚ್ಚಲಿಗೆ ಬಂದರೆ ನೆರವಿನ ರೂಪವೇ ಬದಲಾಗುತ್ತದೆ. ಬೆಂಗಳೂರಿನಲ್ಲಿ ಹಂಡೆಯ ಒಲೆ ಹೋಗಿ ವಿದ್ಯುತ್ತಿನ ಗೀಸರು ಬಂದ ಮೇಲೆ, ಬೆಳಗಿನ ಹೊತ್ತು ಊರಿಗೆ ಊರೇ ಏಕಕಾಲದಲ್ಲಿ ನೀರು ಕಾಯಿಸತೊಡಗಿತು. ಆ ಎರಡು ಮೂರು ಗಂಟೆಗಳ ಹೊರೆಯನ್ನು ಇಳಿಸುವುದಕ್ಕಾಗಿ ಸೌರಶಕ್ತಿಯ ನೀರು ಕಾಯಿಸುವ ಸಲಕರಣೆಗಳಿಗೆ ಉತ್ತೇಜನ ಕೊಡಲಾಯಿತು. ಒಂದೆಡೆ ಬ್ಯಾಂಕುಗಳಿಂದ ಕಡಿಮೆ ಬಡ್ಡಿಯ ಸಾಲ. ಇನ್ನೊಂದೆಡೆ ಬಿಲ್ಲಿನಲ್ಲಿ ಯೂನಿಟ್ಟಿಗೆ 50 ಪೈಸೆಯಂತೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿಯವರೆಗೆ ಬಹುಕಾಲ ಜಾರಿಯಲ್ಲಿದ್ದ ರಿಯಾಯಿತಿ. 2007ರಿಂದ ನಗರಗಳ ಹೊಸ ಮನೆಗಳಿಗೆ ಕಡ್ಡಾಯದ ನಿಯಮ. ಐವತ್ತು ರೂಪಾಯಿಯ ಆಸೆಗೆ ಯಾರೂ ಸಾವಿರಾರು ರೂಪಾಯಿ ಖರ್ಚು ಮಾಡುವುದಿಲ್ಲ. ಸಾಲ, ರಿಯಾಯಿತಿ, ನಿಯಮ ಮೂರೂ ಕೂಡಿದುದರಿಂದ, ಜೊತೆಗೆ ತಯಾರಕರೂ ರಿಪೇರಿಯವರೂ ಊರಿನಲ್ಲಿಯೇ ಇದ್ದುದರಿಂದ, ಬೆಂಗಳೂರಿನ ಮಾಳಿಗೆಗಳ ಮೇಲೆ ನೀರಿನ ತೊಟ್ಟಿಯ ಪಕ್ಕದಲ್ಲಿ ಸೋಲಾರ್ ಹೀಟರು ಸಾಮಾನ್ಯ ದೃಶ್ಯವಾಯಿತು.

ದೀಪದ ಕಥೆ ಇನ್ನೂ ಭಿನ್ನವಾದುದು. 2015ರಲ್ಲಿ ದೇಶದಾದ್ಯಂತ ಎಲ್‌ಇಡಿ ಬಲ್ಬುಗಳನ್ನು ಹಂಚುವ ಉಜಾಲಾ ಯೋಜನೆ ಆರಂಭವಾಯಿತು; ಕರ್ನಾಟಕದಲ್ಲಿ ಅದಕ್ಕೆ ‘ಹೊಸ ಬೆಳಕು’ ಎಂದು ಹೆಸರು. ಇಲ್ಲಿ ಸರಕಾರ ಬೆಲೆಯ ಪಾಲನ್ನು ಭರಿಸಲಿಲ್ಲ. ಕೋಟಿಗಟ್ಟಲೆ ಬಲ್ಬುಗಳನ್ನು ಒಟ್ಟಾಗಿ ಕೊಂಡುದರಿಂದಲೇ ಬೆಲೆ ಕುಸಿಯಿತು: 2014ರಲ್ಲಿ ಸುಮಾರು 310 ರೂಪಾಯಿ ಇದ್ದ ಸಗಟು ಖರೀದಿಯ ದರ 2016ರ ವೇಳೆಗೆ 40 ರೂಪಾಯಿಗೂ ಕೆಳಗೆ ಇಳಿಯಿತು. ಅರುವತ್ತು ವ್ಯಾಟಿನ ಹಳೆಯ ಬಲ್ಬಿನ ಕೆಲಸವನ್ನು ಒಂಬತ್ತು ವ್ಯಾಟಿನ ಬಲ್ಬು ಮಾಡತೊಡಗಿತು. ಹೋಲ್ಡರಿಗೆ ತಿರುಗಿಸಿ ಹಾಕಿದರೆ ಮುಗಿಯಿತು. ಕಲಿಯಬೇಕಾದುದೂ ಇಲ್ಲ, ತೊಳೆಯಬೇಕಾದುದೂ ಇಲ್ಲ. ಮೇಲೆ ಹೇಳಿದ ‘ಸೌಲಭ್ಯ’ ಶಬ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. 2001ರ ಇಂಧನ ಸಂರಕ್ಷಣಾ ಅಧಿನಿಯಮದ ಮೇರೆಗೆ 2002ರಲ್ಲಿ ಸ್ಥಾಪನೆಗೊಂಡ ಕೇಂದ್ರ ಸಂಸ್ಥೆ, 2006ರಿಂದ ರೆಫ್ರಿಜರೇಟರು ಮೊದಲಾದವುಗಳ ಮೇಲೆ ಅಂಟಿಸಿದ ನಕ್ಷತ್ರಗಳ ಚೀಟಿಯೂ ಇಂಥದೇ. ಅದರಲ್ಲಿ ಹಣದ ನೆರವಿಲ್ಲ, ತಿಳಿವಳಿಕೆಯ ನೆರವಿದೆ. ನಕ್ಷತ್ರಗಳನ್ನು ಎಣಿಸಲು ಯಾವ ಭಾಷೆಯೂ ಬೇಕಿಲ್ಲ.

5. ಮಾಳಿಗೆ

ಈಗ ಮನ್ಮಾಡಿನ ಕರಪತ್ರಕ್ಕೆ ಮರಳಬಹುದು. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆ ಒಂದು ಕೋಟಿ ಮನೆಗಳ ಗುರಿಯನ್ನೂ 75,021 ಕೋಟಿ ರೂಪಾಯಿಗಳ ವೆಚ್ಚವನ್ನೂ ಇಟ್ಟುಕೊಂಡು ಬಂದಿತು. ಮೊದಲ ಎರಡು ಕಿಲೋವ್ಯಾಟುಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ, ಒಟ್ಟು 78,000. ಅದಕ್ಕಿಂತ ದೊಡ್ಡ ಸಲಕರಣೆ ಹಾಕಿಸಿದರೂ ಒಂದು ಮನೆಗೆ ಇದೇ ಮಿತಿ. ಸಣ್ಣ ಸಲಕರಣೆಗೆ ಹೆಚ್ಚಿನ ಪಾಲು, ದೊಡ್ಡದಕ್ಕೆ ಕಡಿಮೆ ಪಾಲು ಎಂಬ ಈ ಏರ್ಪಾಡು ನ್ಯಾಯವಾದುದೇ. ಹಣ ಮೊದಲೇ ಬರುವುದಿಲ್ಲ. ಸಲಕರಣೆ ಕೂರಿಸಿ, ಅಧಿಕಾರಿಗಳು ನೋಡಿ, ಮೀಟರು ಬದಲಾಗಿ, ಅನಂತರ ಬ್ಯಾಂಕಿನ ಖಾತೆಗೆ ಜಮೆಯಾಗುತ್ತದೆ. ಅಲ್ಲಿಯವರೆಗಿನ ಖರ್ಚಿಗೆ ಅಡಮಾನವಿಲ್ಲದ ಸಾಲದ ವ್ಯವಸ್ಥೆಯುಂಟು.

ಒಂದು ಕಿಲೋವ್ಯಾಟಿನ ಫಲಕಗಳು ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟುಗಳಷ್ಟು ವಿದ್ಯುತ್ತನ್ನು ಕೊಡುತ್ತವೆ. ಮೂರು ಕಿಲೋವ್ಯಾಟಿಗೆ ತಿಂಗಳಿಗೆ ಮುನ್ನೂರು ಯೂನಿಟ್ಟುಗಳಿಗೂ ಮೇಲೆ. ಹಗಲು ಮನೆಯಲ್ಲಿ ಖರ್ಚಾಗದೆ ಉಳಿದುದು ತಂತಿಯ ಮೂಲಕ ಊರಿಗೆ ಹೋಗುತ್ತದೆ. ರಾತ್ರಿ ಬೇಕಾದುದು ಊರಿನಿಂದ ಮನೆಗೆ ಬರುತ್ತದೆ. ಹೋದುದನ್ನೂ ಬಂದುದನ್ನೂ ಎಣಿಸಿ ವ್ಯತ್ಯಾಸವನ್ನು ತೋರಿಸುವ ಮೀಟರಿಗೆ ನೆಟ್ ಮೀಟರು ಎಂದು ಹೆಸರು. ಹಳ್ಳಿಯಲ್ಲಿ ಪಕ್ಕದ ಮನೆಯೊಡನೆ ಹಾಲು ಮೊಸರುಗಳ ಕೈಗಡದ ಲೆಕ್ಕ ಇಟ್ಟುಕೊಂಡಂತೆಯೇ ಇದೂ. ಅಕ್ಕನಿಗೆ ಹೀಗೆ ಹೇಳಿದಾಗ ಕೂಡಲೇ ಅರ್ಥವಾಯಿತು. ಕರಪತ್ರದ ಭಾಷೆಯಿಂದ ಆಗಿರಲಿಲ್ಲ.

ಕೇಂದ್ರದ ಸಹಾಯಧನ ಮನ್ಮಾಡಿಗೂ ಮೈಸೂರಿಗೂ ಒಂದೇ. ಆದರೆ ಅದು ಕೆಲಸ ಮಾಡುವ ಬಗೆ ಒಂದೇ ಅಲ್ಲ. ಮಹಾರಾಷ್ಟ್ರದಲ್ಲಿ ಬಳಕೆ ನೂರು ಯೂನಿಟ್ಟುಗಳನ್ನು ದಾಟಿದಂತೆ ದರ ಏರುತ್ತದೆ. ಮೇಲಿನ ದರದ ಯೂನಿಟ್ಟುಗಳನ್ನು ಬಿಸಿಲಿನಿಂದ ಪಡೆದ ಮನೆಗೆ ಉಳಿತಾಯ ಸ್ಪಷ್ಟವಾಗಿ ಕಾಣುತ್ತದೆ. ಕರ್ನಾಟಕದಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಿತು. ಹಿಂದಿನ ವರ್ಷದ ಸರಾಸರಿಗೆ ಶೇಕಡ ಹತ್ತನ್ನು ಸೇರಿಸಿ, 200 ಯೂನಿಟ್ಟುಗಳ ಮಿತಿಯೊಳಗೆ, ಮನೆಯ ವಿದ್ಯುತ್ತನ್ನು ಉಚಿತವಾಗಿ ಕೊಡುವ ಯೋಜನೆಯಿದು. ಬಿಲ್ಲೇ ಬಾರದ ಮನೆಗೆ ಫಲಕ ಹಾಕಿಸಿಕೊಳ್ಳಲು ಕಾರಣವೇನು? ಒಂದು ಸರಕಾರದ ನೆರವು ಇನ್ನೊಂದು ಸರಕಾರದ ನೆರವನ್ನು ಅನಗತ್ಯವೆನಿಸಿಬಿಡುತ್ತದೆ. ಹಾಗೆಂದು ಗೃಹಜ್ಯೋತಿಯನ್ನು ಹಳಿಯುವುದು ಸರಿಯಲ್ಲ. ಬಾಡಿಗೆ ಮನೆಯವರಿಗೂ ಅದು ದೊರೆಯುತ್ತದೆ. ಸೂರ್ಯಘರ್ ಯೋಜನೆ ದೊರೆಯುವುದು ಸ್ವಂತ ಮಾಳಿಗೆ ಇದ್ದವರಿಗೆ. ಒಂದರಲ್ಲಿ ಮುಂದಾಲೋಚನೆಯಿದೆ, ಇನ್ನೊಂದರಲ್ಲಿ ಮಾಳಿಗೆಯಿಲ್ಲದವನ ನೆನಪಿದೆ. ಎರಡನ್ನೂ ಹೊಂದಿಸುವ ಕೆಲಸ ಇನ್ನೂ ಬಾಕಿಯಿದೆ.

6. ಉಪಸಂಹಾರ

ಈ ಎಲ್ಲ ನಿದರ್ಶನಗಳಿಂದ ಒಂದು ಮಾತು ಹೊರಡುತ್ತದೆ. ಸಹಾಯಧನ ವಸ್ತುವನ್ನು ಮನೆಯ ಬಾಗಿಲಿಗೆ ತಂದು ನಿಲ್ಲಿಸಬಲ್ಲದು. ಅದನ್ನು ಮನೆಯ ವಸ್ತುವನ್ನಾಗಿ ಮಾಡುವುದು ಬೇರೆ ಸಂಗತಿಗಳು. ವಸ್ತು ಬಳಸುವವರ ಅಳತೆಗೆ ಹೊಂದಬೇಕು. ಕೆಟ್ಟಾಗ ಸರಿಪಡಿಸುವವನು ಕೂಗಳತೆಯಲ್ಲಿರಬೇಕು. ಅದನ್ನು ಕಾಪಾಡುವ ಬಗೆ ಮನೆಯ ಮಾತಿನಲ್ಲಿ ತಿಳಿಯಬೇಕು. ನಮ್ಮ ಅವ್ವನ ಒಲೆಯಲ್ಲಿ ಮೂರೂ ಇರಲಿಲ್ಲ. ಸಿರ್ಸಿಯ ಗುಂಡಿಯಲ್ಲಿ ಮೂರೂ ಇದ್ದುವು. ಬಲ್ಬಿಗೆ ಮೂರರ ಅಗತ್ಯವೇ ಬೀಳಲಿಲ್ಲ. ಮಾಳಿಗೆಯ ಫಲಕಗಳಿಗೆ ಮೂರೂ ಬೇಕು. ಇಪ್ಪತ್ತೈದು ವರ್ಷ ಬಾಳಬೇಕಾದ ವಸ್ತುವದು.

ಮೂರನೆಯ ಸಂಗತಿಯಲ್ಲಿ ನಮ್ಮಂಥ ವಿಭಾಗಗಳಿಗೂ ಪಾಲಿದೆ. ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಒಂದು ಕಾಲದಲ್ಲಿ ಹಳ್ಳಿಗಳಿಗೆ ಹೋಗಿ ಆರೋಗ್ಯ, ಬೇಸಾಯ, ವಿಜ್ಞಾನಗಳನ್ನು ಕುರಿತು ಉಪನ್ಯಾಸ ಮಾಡಿದರು. ಅವು ಸಣ್ಣ ಪುಸ್ತಕಗಳಾಗಿ ಅಚ್ಚಾದುವು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು 1980ರಿಂದ ಆ ಕೆಲಸವನ್ನು ಇನ್ನೊಂದು ರೀತಿಯಲ್ಲಿ ಮುಂದುವರಿಸಿತು. ಇಂದಿನ ಯೋಜನೆಗಳ ಕನ್ನಡ ಮಾತ್ರ ಅನುವಾದಕನ ಮೇಜಿನ ಕನ್ನಡವಾಗಿಯೇ ಉಳಿದಿದೆ. ಅರ್ಜಿಯೊಂದನ್ನು ಅಕ್ಕನಿಗೆ ಅರ್ಥವಾಗುವಂತೆ ಬರೆಯುವುದು ಹಳಗನ್ನಡದ ಪದ್ಯವೊಂದಕ್ಕೆ ಅರ್ಥ ಬರೆಯುವುದಕ್ಕಿಂತ ಕೀಳಾದ ಕೆಲಸವೆಂದು ನಮ್ಮ ವಿದ್ಯಾರ್ಥಿಗಳು ತಿಳಿಯಬಾರದು.

ಭಾವನವರು ಅರ್ಜಿ ಹಾಕುವ ಯೋಚನೆಯಲ್ಲಿದ್ದಾಗ ಅಕ್ಕ ಕೇಳಿದ ಇನ್ನೊಂದು ಪ್ರಶ್ನೆಯನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇನೆ. “ಇಲ್ಲಿ ಧೂಳ ಭಾಳ. ಅವನ್ನ ಯಾರ ಒರಸಬೇಕು? ಕುಡ್ಯಾಕ ನೀರಿಲ್ಲ, ತೊಳ್ಯಾಕ ಎಲ್ಲಿಂದ ತರೂಣು?” ಕರಪತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಫಲಕದ ಮೇಲೆ ಧೂಳು ಕುಳಿತರೆ ವಿದ್ಯುತ್ತು ಕಡಿಮೆಯಾಗುತ್ತದೆ ಎಂಬ ಮಾತು ಅದರಲ್ಲಿ ಇರಲಿಲ್ಲ. ಬಿಸಿಲೇರುವ ಮುನ್ನ ಮೆತ್ತನೆಯ ಬಟ್ಟೆಯಿಂದ ಒರೆಸಿಕೊಳ್ಳಬಹುದು ಎಂಬ ಮಾತೂ ಇರಲಿಲ್ಲ. ಅವ್ವನ ಒಲೆ ಕಟ್ಟಿದವರು ಇಲ್ಲಣ ತೆಗೆಯುವ ಬಗೆಯನ್ನು ಹೇಳಿರಲಿಲ್ಲವೆಂಬುದು ನನಗೆ ನೆನಪಾಯಿತು. ಅಕ್ಕನಿಗೂ ಅದೇ ನೆನಪಾಗಿತ್ತೆಂದು ತೋರುತ್ತದೆ. ಅವಳ ಮೊದಲ ಪ್ರಶ್ನೆಗೆ ಈಗ ನನ್ನಲ್ಲಿರುವ ಉತ್ತರ ಇಷ್ಟು: ಅವ್ವನಿಗೆ ಒಲೆ ಕೊಟ್ಟಿದ್ದರು, ಲೆಕ್ಕಕ್ಕೆ ಬರೆದುಕೊಂಡಿದ್ದರು, ಅವ್ವನನ್ನು ಏನೂ ಕೇಳಿರಲಿಲ್ಲ. ಅಕ್ಕ ತಾನಾಗಿಯೇ ಕೇಳಿದ್ದಾಳೆ. ಉತ್ತರ ಕೊಡುವ ಹೊಣೆ ಈಗ ಯೋಜನೆ ಬರೆಯುವವರದು, ಅದನ್ನು ಕನ್ನಡಕ್ಕೆ ತರುವವರದು.